ಅಪ್‌ಡೇಟ್: ನನ್ನ ಹಾಡುಗಳ ವೆಬ್‌ಸೈಟ್ ಕೊನೆಗೂ ಸರಿಹೋಯಿತು

ನಾನೇ ಕಟ್ಟುತ್ತಿರುವ ವೆಬ್‌ಸೈಟ್ ತುಂಬಾ ನಿಧಾನ, ಒಂದು ಹಾಡಂತೂ ಕೇಳಿಸುವುದೇ ಇಲ್ಲ ಅಂತ ಕೇಳಿದ್ದೆ, ಅಲ್ವಾ? ಎರಡೂ ಸರಿಹೋಯಿತು.

ನಿಧಾನಕ್ಕೆ ಕಾರಣ ವೇವ್ ಫೈಲ್‌ಗಳು, ಅಂದರೆ ಗಾತ್ರ ಕುಗ್ಗಿಸದ ಧ್ವನಿ ಫೈಲ್‌ಗಳು. ಸಿಡಿ ಗುಣಮಟ್ಟದ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. ಅವನ್ನು ಗಾತ್ರ ಕುಗ್ಗಿಸಿದ ಎಂಪಿ3 (192 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 192 ಕಿಲೋಬಿಟ್) ಮಾಡಿದ ಮೇಲೆ ನಾಲ್ಕು ನಿಮಿಷದ ಹಾಡು 6 ಎಂಬಿಗಿಂತ ಕಡಿಮೆ ಆಯಿತು. ತಂಬೂರಿಯ ನಾದ ಎಲ್ಲಿ ಸೊರಗುತ್ತದೋ ಅಂತ ಭಯವಿತ್ತು. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ, ನನ್ನ ಕಿವಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಪುಟದಲ್ಲಿ ಹಾಡು ಹಾಕುವ ಕೋಡ್ ಆದ ಆಡಿಯೋ ಟ್ಯಾಗ್‌ನಲ್ಲಿ ಪ್ರಿಲೋಡ್ (ಮೊದಲೇ ಲೋಡ್ ಮಾಡುವ ಸೆಟ್ಟಿಂಗ್) 'none' ಅಂತ ಕೊಟ್ಟೆ. ಈಗ ಪ್ಲೇ ಒತ್ತಿದ ಮೇಲಷ್ಟೇ ಹಾಡು ಲೋಡ್ ಆಗುತ್ತದೆ.

ಇನ್ನು ಆ ಒಂದು ಹಾಡು ಕೇಳಿಸದಿದ್ದಕ್ಕೆ ಕಾರಣ, ಫೈಲ್ ಹೆಸರಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಕೋಡ್‌ನಲ್ಲಿ ಚಿಕ್ಕಕ್ಷರ! ನನ್ನ ಲ್ಯಾಪ್‌ಟಾಪ್‌ಗೆ ಎರಡೂ ಒಂದೇ, ವೆಬ್‌ಸೈಟ್ ಇರುವ ಸರ್ವರ್‌ಗೆ ಬೇರೆ ಬೇರೆ.

ತಾಳ್ಮೆಯಿಂದ ಹೇಳಿಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.