ಸಹಾಯ ಬೇಕು: ಯೂರಿಯಾ ಗಾಳಿಗೆ ಹೋಗದಂತೆ ಏನು ಮಾಡಲಿ?

ನಮಸ್ಕಾರ. ರಾಣೆಬೆನ್ನೂರು ಕಡೆ ನಮ್ಮದು 3 ಎಕರೆ ಎರೆ ಹೊಲ, ಗೋವಿನಜೋಳ ಹಾಕಿದ್ದೇವೆ. 30 ದಿನದ ಬೆಳೆಗೆ ಬೇವು ಲೇಪಿತ ಯೂರಿಯಾ ಎಕರೆಗೆ ಒಂದು ಚೀಲ (45 ಕೆ.ಜಿ.) ಮೇಲೆಯೇ ಎರಚಿದೆವು. ನೆಲದಲ್ಲಿ ಬರೀ ತೇವ ಇತ್ತು, ಆಮೇಲೆ ಆರು ದಿನ ಮಳೆಯೇ ಇಲ್ಲ. ಬಗ್ಗಿ ನೋಡಿದರೆ ಮೂಗಿಗೆ ಘಾಟು ಬಡಿಯುತ್ತಿತ್ತು. ಅಮೋನಿಯಾ ಆಗಿ ಹಾರಿಹೋಯಿತು ಅಲ್ವಾ? ಎರೆ ಮಣ್ಣಿನಲ್ಲಿ ಕ್ಷಾರ ಇದ್ದರೆ ಈ ನಷ್ಟ ಇನ್ನೂ ಜಾಸ್ತಿ. ಈಗ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತಿವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಕಂತು ಬಾಕಿ ಇದೆ. ಈ ಸಲ ಸಾಲಿನ ಪಕ್ಕ ಗೀರು ಹೊಡೆದು, ಗೊಬ್ಬರ ಹಾಕಿ, ಎಡೆಕುಂಟೆಯಿಂದ ಮಣ್ಣು ಮುಚ್ಚಬೇಕು ಅಂದುಕೊಂಡಿದ್ದೇನೆ. 2 ಇಂಚು ಆಳ ಸಾಕಾ? ಬೇರಿಗೆ ಪೆಟ್ಟಾಗುತ್ತದಾ? ಎರೆ ಹೊಲದಲ್ಲಿ ಹೀಗೆ ಮಾಡಿದವರು ದಯವಿಟ್ಟು ತಿಳಿಸಿ.