ಮೊದಲ ಸ್ಪ್ರಿಂಟ್ ಟ್ರಯಥ್ಲಾನ್: ಹೈಬ್ರಿಡ್ ಸೈಕಲ್ ಸಾಕಾ, ಇಳಿದ ಮೇಲೆ ಕಾಲು ಯಾಕೆ ಬರಲ್ಲ?

ತ್ರಿಶಂಕು_ಮೈಸೂರು

ಎಲ್ರಿಗೂ ನಮಸ್ಕಾರ. ಹತ್ತು ವಾರಕ್ಕೆ ಸ್ಪ್ರಿಂಟ್ ಟ್ರಯಥ್ಲಾನ್ ಇದೆ, ಹೆಸರು ಕೊಟ್ಟಾಗಿದೆ. 750 ಮೀಟರ್ ಈಜು (ಕೆರೆಯಲ್ಲಿ), 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಮನೆ ಕುವೆಂಪುನಗರ, ತೂಕ 74 ಕೆ.ಜಿ. ಸರಸ್ವತಿಪುರಂ ಪೂಲ್‌ನಲ್ಲಿ 750 ಮೀಟರ್ ನಿಲ್ಲದೆ ಆಗುತ್ತೆ. ಸೈಕಲ್ ಹೈಬ್ರಿಡ್, 700×35 ಬಟನ್ ಟಯರ್.

ಹೊಸ ರೋಡ್ ಬೈಕ್ ತಗೊಳ್ಳಲೇಬೇಕಾ? ಸೈಕಲ್ ಇಳಿದು ಓಡೋಕೆ ಹೋದ್ರೆ ಕಾಲು ನಮ್ದಲ್ಲ ಅನ್ಸುತ್ತೆ, ಏನು ಮಾಡೋದು? ಉದ್ದದ ರೈಡ್ ಎಲ್ಲಿ ಮಾಡ್ಬಹುದು? ಕೆರೆ ಈಜು ಅಭ್ಯಾಸಕ್ಕೆ ಶ್ರೀರಂಗಪಟ್ಟಣದ ಕಡೆ ಹೊಳೆಗೆ ಇಳೀಬಹುದಾ? ಬೆಳಗ್ಗೆ ಏನು ತಿನ್ನೋದು? ಮನೇಲಂತೂ "ಮೂರೂ ಬಿಟ್ಟವರು ಊರಿಗೇ ದೊಡ್ಡವರು ಅಂತಾರೆ, ನೀನು ಮೂರೂ ಹಿಡ್ಕೊಂಡು ಏನಾಗ್ತೀಯ" ಅಂತ ಕೇಳ್ತಿದಾರೆ. ಅದಕ್ಕೂ ಉತ್ತರ ಇದ್ರೆ ಕೊಡಿ.

---

ಚೈನ್_ಎಣ್ಣೆ

ಹೊಸ ಸೈಕಲ್ ಬೇಡ ಸಾರ್. 20 ಕಿ.ಮೀ.ಗೆ ಹೈಬ್ರಿಡ್ ಧಾರಾಳವಾಗಿ ಸಾಕು. ಬಟನ್ ಟಯರ್ ಮಾತ್ರ ಬಿಚ್ಚಿ, 700×32 ನುಣುಪು ಟಯರ್ ಹಾಕಿಸಿ. ಕಡಿಮೆ ದುಡ್ಡಲ್ಲಿ ಅತಿ ಹೆಚ್ಚು ವೇಗ ಸಿಗೋದು ಅಲ್ಲೇ. ನಿಮ್ಮ ತೂಕಕ್ಕೆ ಗಾಳಿ ಹಿಂದೆ 65, ಮುಂದೆ 60 ಪಿಎಸ್ಐ ಆಸುಪಾಸು ಇಡಿ. "ಗಟ್ಟಿ ಇದ್ದಷ್ಟೂ ಓಡುತ್ತೆ" ಅಂತ 90ಕ್ಕೆ ಹೊಡೆಸಬೇಡಿ. ನಮ್ಮ ಜಲ್ಲಿ ಎದ್ದ ಡಾಂಬರಿನ ಮೇಲೆ ಸೈಕಲ್ ಮುಂದೆ ಹೋಗೋ ಬದಲು ಮೇಲೆ ಕೆಳಗೆ ಕುಣಿಯುತ್ತೆ, ಸುಸ್ತಾಗೋದು ನೀವು.

ಸೀಟಿನ ಎತ್ತರ: ಗೋಡೆ ಹಿಡ್ಕೊಂಡು ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಡಿ. ಮಂಡಿ ನೆಟ್ಟಗಾಗಬೇಕು, ಆದರೆ ಸೊಂಟ ಆ ಕಡೆಗೆ ವಾಲಬಾರದು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿ ಸ್ವಲ್ಪ ಬಾಗುತ್ತೆ, ಅದೇ ಸರಿ. ಸೀಟು ತಗ್ಗಾಗಿದ್ರೆ ಮಂಡಿ ಮುಂದೆ ನೋವು, ಅತಿಯಾಗಿ ಎತ್ತರವಾದ್ರೆ ಮಂಡಿ ಹಿಂದೆ. ಎಲ್ಲಿ ನೋಯುತ್ತೆ ಅನ್ನೋದೇ ಯಾವ ಕಡೆ ತಿರುಗಿಸಬೇಕು ಅಂತ ಹೇಳುತ್ತೆ.

ಪಂಕ್ಚರ್‌ಗೆ ಒಂದು ಟ್ಯೂಬು, ಟಯರ್ ಬಿಚ್ಚೋ ಲಿವರ್ ಎರಡು, ಚಿಕ್ಕ ಪಂಪು ಜೊತೇಲಿರಲಿ. ಟ್ಯೂಬು ಬದಲಿಸೋ ಮುಂಚೆ ಟಯರಿನ ಒಳಗೆ ಬೆರಳು ಸುತ್ತ ಆಡಿಸಿ, ಮೆಲ್ಲಗೆ. ಬಳ್ಳಾರಿ ಜಾಲಿ ಮುಳ್ಳು ಆದ್ರೆ ಸಿಗುತ್ತೆ. ಸಿಗದೇ ಸತಾಯಿಸೋದು ಲಾರಿ ಟಯರ್ ಸಿಡಿದಾಗ ರಸ್ತೆ ಅಂಚಿಗೆ ಬಿದ್ದ ಕೂದಲೆಳೆ ತಂತಿ. ಅದನ್ನ ಕೀಳದೆ ಹೊಸ ಟ್ಯೂಬು ಹಾಕಿದ್ರೆ ಎರಡು ಕಿ.ಮೀ.ಗೆ ಅದೂ ಹೋಯ್ತು. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಕಂಡ್ರೆ ಮುಳ್ಳಲ್ಲ, ಗಾಳಿ ಕಡಿಮೆ ಇತ್ತು, ಗುಂಡಿಗೆ ಬಿದ್ದಾಗ ರಿಮ್ಮು ಕಚ್ಚಿದೆ ಅಂತ ಅರ್ಥ. ತೆಳು ಮೂತಿಯ ಪ್ರೆಸ್ಟಾ ವಾಲ್ವ್ ಇದ್ರೆ ಪೆಟ್ರೋಲ್ ಬಂಕಿನ ಗಾಳಿ ಹಿಡಿಯಲ್ಲ, ಹಿತ್ತಾಳೆ ಅಡಾಪ್ಟರ್ ಒಂದು ಸೀಟಿನ ಚೀಲದಲ್ಲಿ ಹಾಕಿಡಿ.

---

ಮದ್ದೂರ್_ಪ್ಯಾಸೆಂಜರ್

ರಸ್ತೆ ಬಗ್ಗೆ ನಾನ್ ಹೇಳ್ತೀನಿ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಹತ್ತಬೇಡಿ. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆಗೆ ಸೈಕಲ್‌ಗೂ ನಿಷೇಧ. ಸರ್ವಿಸ್ ರಸ್ತೆಯಲ್ಲಿ ಹೋಗ್ಬಹುದು, ಎದುರಿಂದ ರಾಂಗ್ ಸೈಡಲ್ಲಿ ಬರೋರು ಮಾತ್ರ ಧಾರಾಳ. ಮೈಸೂರಲ್ಲೇ ಇದೀರಲ್ಲ, ರಿಂಗ್ ರೋಡು ಬೆಳಗ್ಗೆ ಏಳರೊಳಗೆ ಮುಗಿಸಿ. ಬೆಟ್ಟ ವಾರಕ್ಕೊಂದು ಸಲ ಸಾಕು. ಚಾಮುಂಡಿ ಇಳಿಯುವಾಗ ಬ್ರೇಕ್ ಒಂದೇ ಸಮ ಒತ್ತಿ ಹಿಡೀಬೇಡಿ, ರಿಮ್ಮು ಕಾಯುತ್ತೆ, ಹಿಡಿತ ಹೋಗುತ್ತೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ತಿರುವಿನಲ್ಲಿ ಬಿಡಿ.

ಮಂಡ್ಯ ಕಡೆ ನಾಲೆ ಏರಿ ರಸ್ತೆಗಳು ಸಮತಟ್ಟು, ನೆರಳು ಇರುತ್ತೆ. ಆದರೆ ಕಬ್ಬು ಕಡಿಯೋ ಕಾಲದಲ್ಲಿ ಮಬ್ಬುಗತ್ತಲಲ್ಲಿ ಹೊರಡಬೇಡಿ. ಕಬ್ಬಿನ ಟ್ರೈಲರ್‌ಗೆ ಹಿಂದೆ ಲೈಟೇ ಇರಲ್ಲ, ಹೊರೆ ಎರಡೂ ಕಡೆ ಚಾಚಿರುತ್ತೆ. ಇನ್ನು ಡಿಸೆಂಬರ್-ಜನವರಿಯಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಒಕ್ಕಣೆ. ಕಾರು ಹೋದ್ರೆ ರೈತರಿಗೆ ಕಾಳು ಉದುರುತ್ತೆ, ಸೈಕಲ್ ಹೋದ್ರೆ ನಮಗೆ ಡಿರೇಲರ್ (ಹಿಂದೆ ಚೈನನ್ನ ಒಂದು ಗೇರಿಂದ ಇನ್ನೊಂದಕ್ಕೆ ಸರಿಸೋ ಭಾಗ) ಉದುರುತ್ತೆ. ಹುರುಳಿ ಬಳ್ಳಿ ಒಣಗಿದ್ರೂ ನಾರು ಗಟ್ಟಿ. ಹಿಂದಿನ ಸಣ್ಣ ಹಲ್ಲುಚಕ್ರಕ್ಕೆ ಸುತ್ತಿಕೊಂಡು, ತುಳಿತಾ ಇದ್ದ ಹಾಗೇ ಡಿರೇಲರನ್ನ ಎಳೆದು, ಅದನ್ನ ಫ್ರೇಮಿಗೆ ಹಿಡಿದಿಡೋ ಹ್ಯಾಂಗರ್ ಮುರಿಯುತ್ತೆ. ಒಕ್ಕಣೆ ಕಂಡ್ರೆ ಇಳಿದು, ಸೈಕಲ್ ಎತ್ತಿಕೊಂಡು ನಡೀರಿ. ಹತ್ತು ಹೆಜ್ಜೆ ಅಷ್ಟೆ.

---

ಕೆರೆ_ದಂಡೆ

ಹೊಳೆಗೆ ಇಳಿಯೋ ಯೋಚನೆ ಇವತ್ತೇ ಬಿಡಿ. ಬಲಮುರಿ, ಎಡಮುರಿ, ಶ್ರೀರಂಗಪಟ್ಟಣ ಎಲ್ಲೂ ಬೇಡ. ಮೇಲೆ ನಿಂತ ನೀರಿನ ಹಾಗೆ ಕಾಣುತ್ತೆ, ಕೆಳಗೆ ಬಂಡೆ ಸಂದು, ಮಡು, ಸೆಳೆತ. ಕಟ್ಟೆಯಿಂದ ನೀರು ಬಿಟ್ರೆ ಮಟ್ಟ ಏರೋದು ಗೊತ್ತೇ ಆಗಲ್ಲ.

ಕೆರೆಗೆ ಬೇಕಾದದ್ದನ್ನ ಪೂಲಲ್ಲೇ ಕಲೀಬಹುದು. ಕೆರೆಯಲ್ಲಿ ತಳದ ಗೆರೆ ಇರಲ್ಲ, ಆದ್ದರಿಂದ ಎಲ್ರೂ ಒಂದು ಕಡೆಗೆ ಸೊಟ್ಟ ಹೋಗ್ತಾರೆ. ಆರರಿಂದ ಎಂಟು ಕೈಗೊಂದು ಸಲ ಮೊಸಳೆ ತರ ಕಣ್ಣಷ್ಟೇ ನೀರಿನ ಮೇಲೆ ತಂದು ಮುಂದೆ ನೋಡಿ, ಉಸಿರು ಮಾಮೂಲಿನಂತೆ ಪಕ್ಕಕ್ಕೆ. ಪೂರ್ತಿ ತಲೆ ಎತ್ತಿದ್ರೆ ಸೊಂಟ ಮುಳುಗುತ್ತೆ, ಬ್ರೇಕ್ ಹಾಕಿದ ಹಾಗೆ. (ನಿಜವಾದ ಮೊಸಳೆ ನೋಡ್ಬೇಕಂದ್ರೆ ರಂಗನತಿಟ್ಟಿನಲ್ಲಿವೆ. ಕಾವೇರಿ ಬೇಡ ಅನ್ನೋಕೆ ಅದೂ ಒಂದು ಕಾರಣ.)

ಇನ್ನೊಂದು: 50 ಮೀಟರ್ ಪೂಲ್ ಆದ್ರೆ 750 ಅಂದ್ರೆ 15 ಲೆಂತ್. ಪ್ರತಿ ಸಲ ಗೋಡೆ ಒದ್ದಾಗ ಬಿಟ್ಟಿ ವೇಗವೂ ಸಿಗುತ್ತೆ, ಅರೆಕ್ಷಣ ವಿಶ್ರಾಂತಿಯೂ ಸಿಗುತ್ತೆ. ಕೆರೆಯಲ್ಲಿ ಎರಡೂ ಇಲ್ಲ. ವಾರಕ್ಕೊಂದು ಸಲ ಗೋಡೆ ಮುಟ್ಟದೆ, ಎರಡು ಮೀಟರ್ ಮುಂಚೆಯೇ ತಿರುಗಿ ಈಜಿ. ಇಬ್ಬರು ಗೆಳೆಯರು ಸಿಕ್ರೆ ಒಂದೇ ಲೇನಲ್ಲಿ ಮೂರು ಜನ ಅಕ್ಕಪಕ್ಕ ಹೋಗಿ, ಮೊಣಕೈ ತಾಗಿದ್ರೆ ಗಾಬರಿ ಆಗದಿರೋಕೆ.

ರೇಸ್ ದಿನ ಹಿಂದೆ, ಒಂದು ಪಕ್ಕಕ್ಕೆ ನಿಂತ್ಕೊಳ್ಳಿ. ಮೊದಲ 200 ಮೀಟರ್ ಜೋರಾಗಿ ಹೊಡೆದ್ರೆ ಉಸಿರು ಕಟ್ಟುತ್ತೆ. ಅದು ಗಾಳಿ ಸಾಲದ್ದಲ್ಲ, ನೀರೊಳಗೆ ಪೂರ್ತಿ ಉಸಿರು ಬಿಡದೆ ಇರೋದು. ಗುಳುಗುಳು ಬಿಡ್ತಾ ಇರಿ. ಸುಸ್ತಾದ್ರೆ ಬ್ರೆಸ್ಟ್ ಸ್ಟ್ರೋಕ್ ಮಾಡ್ಬಹುದು, ದಾರಿ ತೋರಿಸೋಕೆ ತೇಲಿಬಿಟ್ಟ ಬುರುಡೆ (ಬೋಯ್) ಹಿಡ್ಕೊಂಡು ನಿಲ್ಲಬಹುದು. ಹಿಡ್ಕೊಂಡು ಮುಂದಕ್ಕೆ ಹೋಗಬಾರದು ಅಷ್ಟೆ.

---

ನಂಬರ್_ಬೆಲ್ಟ್

ಎಲ್ರೂ ಮರೆಯೋದು ಬಟ್ಟೆ-ಬೂಟು ಬದಲಿಸೋ ಜಾಗ, ಅಂದ್ರೆ ಟ್ರಾನ್ಸಿಷನ್. ಅಲ್ಲಿ ಹೋಗೋ ನಾಲ್ಕು ನಿಮಿಷವನ್ನ ಸೈಕಲ್ ಮೇಲೆ ಗಿಟ್ಟಿಸ್ಬೇಕಂದ್ರೆ ಪ್ರಾಣ ಹೋಗುತ್ತೆ.

ಸಣ್ಣ ಟವೆಲ್ ಹಾಸಿ. ಹೆಲ್ಮೆಟ್ ಹ್ಯಾಂಡಲ್ ಮೇಲೆ ಬೋರಲು, ಪಟ್ಟಿ ಎರಡೂ ಹೊರಗೆ. ಸ್ಟ್ಯಾಂಡಿನಿಂದ ಸೈಕಲ್ ತೆಗೆಯೋ ಮುಂಚೆ ಹೆಲ್ಮೆಟ್ ಬಕಲ್ ಬಿದ್ದಿರಬೇಕು, ವಾಪಸ್ ನೇತು ಹಾಕಿದ ಮೇಲಷ್ಟೇ ಬಿಚ್ಚಬೇಕು. ಹೊಸಬರಿಗೆ ದಂಡ ಬೀಳೋದು ಇಲ್ಲೇ. ಕಾಲು ಒದ್ದೆ ಇರುತ್ತೆ, ಬೂಟಿನೊಳಗೆ ಪೌಡರ್ ಚಿಮುಕಿಸಿಡಿ. ಪೆಡಲ್‌ಗೆ ಕಚ್ಚಿಕೊಳ್ಳೋ ಕ್ಲೀಟ್ ಬೂಟು ಬೇಡ, ಓಡೋ ಬೂಟಲ್ಲೇ ಸೈಕಲ್ ತುಳೀರಿ. 20 ಕಿ.ಮೀ.ಗೆ ಎರಡು ಜೊತೆ ಬೂಟು ಶೋಕಿ. ದಾರದ ಬದಲು ಎಲಾಸ್ಟಿಕ್ ಲೇಸ್.

ರೇಸ್ ನಂಬರ್ ಸಿಕ್ಕಿಸಿ ಸೊಂಟಕ್ಕೆ ಕಟ್ಟೋ ನಂಬರ್ ಬೆಲ್ಟಿಗೆ ದುಡ್ಡು ಸುರೀಬೇಡಿ. ಟೈಲರ್ ಸಾಮಾನಿನ ಅಂಗಡೀಲಿ ಒಂದು ಇಂಚಿನ ಎಲಾಸ್ಟಿಕ್ ಒಂದು ಮೀಟರ್, ಒಂದು ಪ್ಲಾಸ್ಟಿಕ್ ಬಕಲ್, ಎರಡು ಸೇಫ್ಟಿ ಪಿನ್. ಸೈಕಲಲ್ಲಿ ನಂಬರ್ ಬೆನ್ನಿಗೆ, ಓಟಕ್ಕೆ ಹೊಟ್ಟೆಗೆ ತಿರುಗಿಸಿ.

ಬೆಳಗ್ಗೆ ತಿಂಡಿ: ಶುರುವಾಗೋಕೆ ಎರಡೂವರೆ ಗಂಟೆ ಮುಂಚೆ ಮೂರು ಇಡ್ಲಿ, ಒಂದು ಬಾಳೆಹಣ್ಣು. ಬೆಣ್ಣೆ ದೋಸೆ, ಕಾಯಿ ಚಟ್ನಿ ಮುಗಿಸಿ ಬಂದ ಮೇಲೆ. ಜಿಡ್ಡು ಬೇಗ ಅರಗಲ್ಲ, ಓಡುವಾಗ ಗಂಟಲಿಗೆ ಬರುತ್ತೆ. ಸೈಕಲ್ ಬಾಟಲಿಗೆ 750 ಮಿ.ಲೀ. ನೀರು, ಮೂರು ದೊಡ್ಡ ಚಮಚ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆ. ಗುಟುಕು ಗುಟುಕಾಗಿ ಕುಡೀರಿ.

---

ತ್ರಿಶಂಕು_ಮೈಸೂರು

ತುಂಬಾ ಥ್ಯಾಂಕ್ಸ್. ಕಾಲಿನ ವಿಷ್ಯ ಯಾರೂ ಹೇಳ್ಲಿಲ್ಲ. ಮತ್ತೆ, ಸೈಕಲ್ ಪ್ಯಾಡಿನ ಚಡ್ಡೀಲೇ ಈಜಬಹುದಾ, ಮೂರಕ್ಕೂ ಒಂದೇ ಬಟ್ಟೆ ಅನ್ನೋ ಟ್ರೈಸೂಟ್ ಬೇಕಾ?

---

ಚೈನ್_ಎಣ್ಣೆ

ಸೈಕಲ್ ಚಡ್ಡಿ ಬೇಡ. ಆ ದಪ್ಪ ಪ್ಯಾಡು ನೀರು ಕುಡಿದು ಜೋತು ಬೀಳುತ್ತೆ, ಓಟ ಮುಗಿಯೋವರೆಗೂ ಒಣಗಲ್ಲ, ತೊಡೆ ಉಜ್ಜಿ ಉರಿ. ಟ್ರೈಸೂಟ್ ಪ್ಯಾಡು ತೆಳು. ಅದಿಲ್ಲದಿದ್ರೆ ಮಂಡಿವರೆಗಿನ ಈಜು ಚಡ್ಡೀಲೇ ಮೂರೂ ಮುಗಿಸಿ, 20 ಕಿ.ಮೀ. ಕುಂಡಿ ತಡ್ಕೊಳ್ಳುತ್ತೆ. ತೊಡೆ ಸಂದು, ಕಂಕುಳಿಗೆ ವ್ಯಾಸಲೀನ್.

ಕಾಲು: ಸೈಕಲಲ್ಲಿ ತೊಡೆಯ ಮುಂಭಾಗ ಒಂದೇ ತಾಳದಲ್ಲಿ, ಸೊಂಟ ಬಾಗಿಸಿ ಕೆಲಸ ಮಾಡಿರುತ್ತೆ. ತಕ್ಷಣ ನೆಟ್ಟಗೆ ನಿಂತು ಓಡು ಅಂದ್ರೆ ಅದಕ್ಕೆ ಹೊಂದ್ಕೊಳ್ಳೋಕೆ ಐದು-ಹತ್ತು ನಿಮಿಷ ಬೇಕು. ವಾರಕ್ಕೊಂದು ದಿನ 15-20 ಕಿ.ಮೀ. ಸೈಕಲ್, ಇಳಿದ ಕೂಡಲೇ 2 ಕಿ.ಮೀ. ಓಟ. ಮಧ್ಯೆ ಕಾಫಿ ಇಲ್ಲ. ರೈಡಿನ ಕೊನೆಯ 2 ಕಿ.ಮೀ. ಗೇರ್ ಹಗುರ ಮಾಡಿ, ನಿಮಿಷಕ್ಕೆ 90 ಸುತ್ತು ತುಳೀರಿ. ಇಳಿದ ಮೇಲೆ ಪುಟ್ಟ ಪುಟ್ಟ ಹೆಜ್ಜೆ. ಗಂಟೆಗೆ 25ರಲ್ಲಿ ಬಂದ ಕಣ್ಣಿಗೆ ಓಟ ತೆವಳಿದ ಹಾಗೆ ಕಾಣುತ್ತೆ, ಅದನ್ನ ನಂಬಿ ಮೊದಲ ಅರ್ಧ ಕಿ.ಮೀ. ಜೋರು ಮಾಡಿದ್ರೆ ನಾಲ್ಕನೇದ್ರಲ್ಲಿ ನಡೀತೀರ. ವಾಚ್ ನೋಡಿ ಓಡಿ.

ಸರ್ವಿಸ್‌ಗೆ ಎರಡು ವಾರ ಮುಂಚೆನೇ ಕೊಡಿ. ಹೊಸ ಗೇರ್ ಕೇಬಲ್ ಮೊದಲ ಕೆಲವು ರೈಡಲ್ಲಿ ಸಡಿಲ ಆಗುತ್ತೆ, ಹಿಂದಿನ ದಿನ ಹಾಕಿಸಿದ್ರೆ ರೇಸಲ್ಲೇ ಚೈನ್ ಹಾರೋಕೆ ಶುರು. ಆಗ ಕೇಬಲ್ ಡಿರೇಲರ್ ಒಳಗೆ ಹೋಗೋ ಜಾಗದಲ್ಲಿರೋ, ಕೈಯಲ್ಲೇ ತಿರುಗೋ ಪುಟ್ಟ ತಿರುಪನ್ನ ಎಡಕ್ಕೆ ಕಾಲು ಸುತ್ತು ತಿರುಗಿಸಿ.

---

ಮದ್ದೂರ್_ಪ್ಯಾಸೆಂಜರ್

ಮನೆಯವರಿಗೆ ಉತ್ತರ: ಫೋಟೋ ತೆಗೆಯೋಕೆ ಅವರನ್ನೇ ಕರ್ಕೊಂಡ್ ಹೋಗಿ. ಬ್ಯಾಗ್ ಕಾಯೋಕೂ ಜನ ಬೇಕು.