ಹಿತ್ತಲಲ್ಲಿ ಮೂರು ಬಗೆಯ ಕಪ್ಪೆ, ಆ್ಯಪ್ ಸಲಕ್ಕೊಂದು ಹೆಸರು ಹೇಳುತ್ತಿದೆ: ಗುರುತಿಸುವುದು ಹೇಗೆ?

ಹಿತ್ತಲಗಿಡ
ಮೂರು ಬಗೆ ಕಾಣಿಸುತ್ತಿವೆ.
(ಅ) ಹೂಕುಂಡದ ಸಂದಿಯಲ್ಲಿ ಕೂರುವ, ಮೈಯೆಲ್ಲ ಗುಳ್ಳೆ ಇರುವ ದಪ್ಪ ಕಂದು ಕಪ್ಪೆ. ಆ್ಯಪ್ ಇದನ್ನು ಕೇನ್ ಟೋಡ್ ಎನ್ನುತ್ತಿದೆ.
(ಆ) ರಾತ್ರಿ ಗೋಡೆಗೂ ನೀರಿನ ಡ್ರಮ್ಮಿನ ಒಳಬದಿಗೂ ಅಂಟಿಕೊಳ್ಳುವುದು. ಒಮ್ಮೆ ಬೂದು, ಒಮ್ಮೆ ಕಡುಕಂದು. ಎರಡು ಜಾತಿಯೋ, ಒಂದೇನೋ?
(ಇ) ಕುಂಡದ ಮಣ್ಣು ಬದಲಿಸುವಾಗ ಒಳಗಿಂದ ಎದ್ದ ಪುಟ್ಟ ದುಂಡು ಕಪ್ಪೆ. ಇದಕ್ಕೂ ಗುಳ್ಳೆ ಇದೆ, ಅಂದರೆ (ಅ)ದ ಮರಿಯೇ?
ಫೋಟೊ ಮೂರೂ ಮೇಲಿನಿಂದ, ಫ್ಲಾಶ್ ಹಾಕಿ ತೆಗೆದವು. ಮನೆಯಲ್ಲಿ ನಾಯಿ ಇರುವುದರಿಂದ (ಅ) ಯಾವುದೆಂದು ಮೊದಲು ತಿಳಿಯಬೇಕು.

ಬಿಸಿಲುಮಚ್ಚು
ಸುಲಭ. ಮೈ ಒರಟಾಗಿದ್ದರೆ ನೆಲಗಪ್ಪೆ (ಟೋಡ್), ನುಣುಪಾಗಿದ್ದರೆ ಕಪ್ಪೆ. (ಅ), (ಇ) ಎರಡೂ ನೆಲಗಪ್ಪೆ.

ಕೆರೆಯಂಚು
ಆ ಸೂತ್ರ ನಂಬಿದವರು ಎಡವುವುದು ಇಂಥಲ್ಲೇ. ನೀರಂಚಿನ ಎಷ್ಟೋ ಕಪ್ಪೆಗಳ ಬೆನ್ನಿನಲ್ಲೂ ಗುಳ್ಳೆ, ಮಡಿಕೆ ಇರುತ್ತವೆ. ಬಣ್ಣವಂತೂ ತೇವ, ಬೆಳಕು, ಉಷ್ಣತೆ ನೋಡಿಕೊಂಡು ಗಂಟೆಯೊಳಗೆ ಬದಲಾಗುತ್ತದೆ. ಬಣ್ಣ, ಒರಟುತನ ಎರಡನ್ನೂ ಸದ್ಯಕ್ಕೆ ಬದಿಗಿಡಿ. ಕಣ್ಣಿನ ಹಿಂಭಾಗ, ಬೆರಳ ತುದಿ, ಹಿಂಗಾಲಿನ ಜಾಲಪಾದ, ಅಂಗಾಲು ನೋಡಿ.

(ಅ)ಕ್ಕೆ ಕಣ್ಣಿನ ಹಿಂದೆ, ಕಿವಿತಮಟೆಯ (ಅಲ್ಲಿ ಕಾಣುವ ದುಂಡು ಪೊರೆ) ಮೇಲ್ಭಾಗದಲ್ಲಿ ಉಬ್ಬಿದ ಗ್ರಂಥಿ ಇದೆಯೇ? ಅದು ಪ್ಯಾರೊಟಾಯ್ಡ್ ಗ್ರಂಥಿ. ಜೋಡಿಯಾಗಿ ಎದ್ದು ಕಂಡರೆ ನೆಲಗಪ್ಪೆಯ ಕುಟುಂಬ ಎನ್ನಲು ಅದು ಗಟ್ಟಿ ಸುಳಿವು. ದಕ್ಷಿಣ, ಆಗ್ನೇಯ ಏಷ್ಯಾದ ಸಾಮಾನ್ಯ ನೆಲಗಪ್ಪೆಯಲ್ಲಿ (ಡಟ್ಟಾಫ್ರೈನಸ್ ಮೆಲನೋಸ್ಟಿಕ್ಟಸ್) ಅದು ಹುರುಳಿಕಾಳಿನ ಆಕಾರದಲ್ಲಿರುತ್ತದೆ. ಮೂತಿಯಿಂದ ಕಣ್ಣಿನ ಸುತ್ತ ಹಾಯುವ ಎಲುಬಿನ ಏಣುಗಳ ಅಂಚು ಕಾಡಿಗೆ ಎಳೆದಂತೆ ಕಪ್ಪು. ಗುಳ್ಳೆಗಳ ತುದಿಯೂ ಹಲವು ಸಲ ಕಪ್ಪು. ಕೇನ್ ಟೋಡಿನ ಗ್ರಂಥಿ ಬಹಳ ದೊಡ್ಡದು, ಭುಜದವರೆಗೆ ಇಳಿದಿರುತ್ತದೆ. ಏಣಿನ ಅಂಚಿಗೆ ಆ ಕಪ್ಪು ಗೆರೆ ಇರುವುದಿಲ್ಲ. ಅದರ ಮೂಲ ನೆಲೆ ಮಧ್ಯ ಮತ್ತು ದಕ್ಷಿಣ ಅಮೆರಿಕ; ಆಸ್ಟ್ರೇಲಿಯಾಕ್ಕೆ 1935ರಲ್ಲಿ ಒಯ್ದು ಬಿಟ್ಟರು. ಫೋಟೊದಲ್ಲಿ ಸ್ಥಳದ ಮಾಹಿತಿ ಇಲ್ಲದಿದ್ದರೆ ಆ್ಯಪ್ ಇಡೀ ಪ್ರಪಂಚದ ಪಟ್ಟಿಯಲ್ಲಿ ಹುಡುಕಿ ಇಂಥ ಹೆಸರು ಮುಂದಿಡುತ್ತದೆ. ಕ್ಯಾಮೆರಾದ ಲೊಕೇಶನ್ ಆನ್ ಇಟ್ಟು ತೆಗೆಯಿರಿ. ಚಾಟ್ ಆ್ಯಪಿನಲ್ಲಿ ಒಮ್ಮೆ ಕಳಿಸಿಕೊಂಡ ಫೋಟೊವನ್ನು ಹಾಕಬೇಡಿ, ಅದರಲ್ಲಿ ಸ್ಥಳದ ಮಾಹಿತಿ ಅಳಿಸಿಹೋಗಿರುವುದೇ ಹೆಚ್ಚು.

ಒಂದು ಎಚ್ಚರಿಕೆ: ಬಾಲ ಕರಗಿ ಈಗಷ್ಟೇ ನೀರಿನಿಂದ ಎದ್ದ ನೆಲಗಪ್ಪೆ ಮರಿ ಸುಮಾರು ಒಂದು ಸೆಂಟಿಮೀಟರ್ ಇರುತ್ತದೆ. ಅದರಲ್ಲಿ ಗ್ರಂಥಿಯಾಗಲಿ ಏಣಾಗಲಿ ಇನ್ನೂ ಮೂಡಿರುವುದಿಲ್ಲ. ಮರಿಯಲ್ಲಿ ಗ್ರಂಥಿ ಕಾಣಲಿಲ್ಲವೆಂದು ನೆಲಗಪ್ಪೆ ಅಲ್ಲ ಎಂದುಬಿಡಬೇಡಿ.

ಮಳೆರಾತ್ರಿ
ಫೋಟೊ ಬಗ್ಗೆ. ಮೇಲಿನಿಂದ ಫ್ಲಾಶ್ ಹೊಡೆದರೆ ತೇವದ ಚರ್ಮ ಮಿನುಗಿ ಏಣು, ಮಡಿಕೆ ಎಲ್ಲ ಚಪ್ಪಟೆಯಾಗುತ್ತವೆ. ಫ್ಲಾಶ್ ಆಫ್ ಮಾಡಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕಪ್ಪೆಯ ಮಟ್ಟಕ್ಕೆ ಫೋನು ಇಳಿಸಿ ತಲೆಯ ಪಕ್ಕನೋಟ ತೆಗೆಯಿರಿ. ಒಂದೇ ಫೋಟೊ ಸಾಧ್ಯವಾದರೆ ಇದೇ ಇರಲಿ. ಮೇಲಿನಿಂದ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಇರಲಿ. ಉದ್ದ ಅಂದರೆ ಮೂತಿಯಿಂದ ಗುದದವರೆಗೆ ಮಾತ್ರ, ಕಾಲು ಲೆಕ್ಕಕ್ಕಿಲ್ಲ.

ಅಂಗಾಲು, ತೊಡೆ ನೋಡಲು ಕೈಯಲ್ಲಿ ಹಿಚುಕಬೇಕಿಲ್ಲ. ಅಗಲ ಬಾಯಿಯ ಗಾಜಿನ ಡಬ್ಬಿಯಲ್ಲಿ ಒಂದೆರಡು ಚಮಚ ಮಳೆನೀರು ಹಾಕಿ ಕಪ್ಪೆಯನ್ನು ಅದರೊಳಗೆ ಬಿಟ್ಟು, ಕೆಳಗಿನಿಂದ ಫೋಟೊ ತೆಗೆದು, ಐದು ನಿಮಿಷದೊಳಗೆ ಸಿಕ್ಕಿದ ಜಾಗಕ್ಕೇ ಬಿಡಿ. ಮುಟ್ಟಲೇಬೇಕಾದರೆ ಕೈ ಬರೀ ನೀರಿನಿಂದ ಒದ್ದೆ ಮಾಡಿಕೊಳ್ಳಿ. ಸ್ಯಾನಿಟೈಸರ್, ಸೊಳ್ಳೆ ಕ್ರೀಮು, ಸೋಪಿನ ಅಂಶ ಇರುವ ಕೈ ಬೇಡ. ಕಪ್ಪೆ ಚರ್ಮದ ಮೂಲಕವೂ ಉಸಿರಾಡುತ್ತದೆ, ಹಚ್ಚಿದ್ದೆಲ್ಲ ಒಳಗೆ ಹೋಗುತ್ತದೆ. ನಂತರ ಸೋಪು ಹಾಕಿ ಕೈ ತೊಳೆಯಿರಿ. ಹಿಡಿದಾಗ ಅದು ಚಿಮ್ಮಿಸುವುದು ಮೂತ್ರ, ವಿಷವಲ್ಲ. ನರಹುಲಿಯೂ ಬರುವುದಿಲ್ಲ, ಅದು ಮನುಷ್ಯರಲ್ಲಿ ವೈರಸ್‌ನಿಂದ ಬರುವಂಥದ್ದು.

ಕೆರೆಯಂಚು
(ಆ) ಗೋಡೆ ಹತ್ತುತ್ತದೆ ಅಂದರೆ ಬೆರಳ ತುದಿಯಲ್ಲಿ ದುಂಡು ಅಂಟುತಟ್ಟೆ ಇರಬೇಕು. ಅಷ್ಟರಿಂದಲೇ ಮರಗಪ್ಪೆ ಎನ್ನಬೇಡಿ: ಕಿರುಬಾಯಿ ಕಪ್ಪೆಗಳಲ್ಲಿ ಕೆಲವಕ್ಕೂ ಬೆರಳ ತುದಿ ಅಗಲವಾಗಿರುತ್ತದೆ, ಅವೂ ಹತ್ತುತ್ತವೆ. ವ್ಯತ್ಯಾಸ ಮುಖದಲ್ಲಿದೆ. ಕಿರುಬಾಯಿ ಕಪ್ಪೆಯ ತಲೆ ಸಣ್ಣದು, ಮೂತಿ ಮೊಂಡು, ಬಾಯಿ ಕಿರಿದು, ಕಿವಿತಮಟೆ ಚರ್ಮದಡಿ ಮರೆ. ಮರಗಪ್ಪೆಗೆ ಅಗಲ ಬಾಯಿ, ಉಬ್ಬುಗಣ್ಣು, ಉದ್ದ ಕಾಲು, ಕಿವಿತಮಟೆ ಸ್ಪಷ್ಟ. ಎರಡನೇ ಗುಂಪಿಗೆ ಬಂದರೆ ತೊಡೆಯ ಹಿಂಭಾಗ ತೋರಿಸಿ. ದಕ್ಷಿಣ ಏಷ್ಯಾದಲ್ಲಿ ಮನೆಯೊಳಗೂ ಬರುವ ಪಾಲಿಪೆಡೇಟಸ್ ಮ್ಯಾಕ್ಯುಲೇಟಸ್‌ಗೆ ಅಲ್ಲಿ ಕಡುಬಣ್ಣದ ಬಲೆಯ ನಡುವೆ ಹಳದಿ ಚುಕ್ಕೆ ಇರುತ್ತವೆ. ಮೈ ಬಣ್ಣ ಎಷ್ಟೇ ಬದಲಾದರೂ ಆ ವಿನ್ಯಾಸ ಉಳಿಯುತ್ತದೆ.

ಡ್ರಮ್ಮಿನ ಒಳಗೋಡೆಯಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ನೊರೆಯ ಉಂಡೆ ಇದ್ದರೆ ಅದು ಇದರ ಗೂಡು. ತೊಳೆಯಬೇಡಿ, ಮರಿಗಳು ಕೆಲವು ದಿನಗಳಲ್ಲಿ ನೀರಿಗೆ ಉದುರುತ್ತವೆ. ಮೊಟ್ಟೆಯೇ ಒಳ್ಳೆಯ ಸುಳಿವು: ನೆಲಗಪ್ಪೆಯದು ನೀರೊಳಗಿನ ಗಿಡಕ್ಕೆ ಸುತ್ತಿದ ಉದ್ದ ಲೋಳೆಯ ಸರ, ಕಿರುಬಾಯಿಯ ಹಲವದರದ್ದು ನೀರಿನ ಮೇಲೆ ಹರಡಿದ ತೆಳು ಪದರ. ಗೊದಮೊಟ್ಟೆಗಳು ಕಪ್ಪಗೆ, ಪುಟ್ಟಗೆ, ಹಿಂಡುಹಿಂಡಾಗಿ ಇದ್ದರೆ ನೆಲಗಪ್ಪೆಯವು ಇರಬಹುದು. ಗಾಜಿನಂತೆ ಪಾರದರ್ಶಕವಾಗಿ ನೀರಿನ ನಡುಮಟ್ಟದಲ್ಲಿ ತೇಲುತ್ತಿದ್ದರೆ ಕಿರುಬಾಯಿಯವು ಇರಬಹುದು. ಬೇರೆ ಕೊಳಕ್ಕೆ ಒಯ್ದು ಬಿಡುವ ಉಪಕಾರ ಮಾತ್ರ ಬೇಡ. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ನೀರಿನ ಜೊತೆಯೇ ಹೋಗುತ್ತದೆ.

ಹಿತ್ತಲಗಿಡ
ಹೊಸ ಫೋಟೊ ಹಾಕಿದ್ದೇನೆ. (ಅ)ದಲ್ಲಿ ಹುರುಳಿಕಾಳಿನಂಥ ಗ್ರಂಥಿ, ಕಪ್ಪು ಏಣು ಎರಡೂ ಇವೆ. (ಆ)ದ ತೊಡೆಯಲ್ಲಿ ಹಳದಿ ಚುಕ್ಕೆ ಇದೆ. (ಇ)ಕ್ಕೆ ಗ್ರಂಥಿಯೂ ಇಲ್ಲ, ಅಂಟುತಟ್ಟೆಯೂ ಇಲ್ಲ. ಉದ್ದ 4 ಸೆಂಟಿಮೀಟರ್, ಕಿವಿತಮಟೆ ಕಾಣುತ್ತದೆ. ಅಂಗಾಲಿನಲ್ಲಿ ಗಟ್ಟಿ ಅಂಚಿನ ದೊಡ್ಡ ಗಂಟು ಇದೆ.

ಕೆರೆಯಂಚು
ಮೊದಲೆರಡೂ ಮುಗಿದವು: ಸಾಮಾನ್ಯ ನೆಲಗಪ್ಪೆ, ಪಾಲಿಪೆಡೇಟಸ್ ಮ್ಯಾಕ್ಯುಲೇಟಸ್. ಬೂದು, ಕಂದು ಎರಡೂ ಒಂದೇ ಜಾತಿ.

(ಇ) ಮರಿಯಲ್ಲ. 4 ಸೆಂಟಿಮೀಟರಿನ ನೆಲಗಪ್ಪೆಗೆ ಗ್ರಂಥಿ ಬಂದಿರಬೇಕಿತ್ತು. ಆ ಗಂಟು ಮಣ್ಣು ತೋಡುವ ಗುದ್ದಲಿ. ಕಪ್ಪೆ ಹಿಂಬದಿಯಿಂದ ತಿರುಗುತ್ತ ನೆಲಕ್ಕಿಳಿಯುತ್ತದೆ. ಕಿರುಬಾಯಿಗಳಲ್ಲೂ ತೋಡುವ ದುಂಡು ಜಾತಿಗಳಿವೆ (ಯುಪೆರೊಡಾನ್), ಆದರೆ ನಿಮ್ಮ ಫೋಟೊದಲ್ಲಿ ಬಾಯಿ ಅಗಲ, ಕಿವಿತಮಟೆ ಬಯಲು. ಆದ್ದರಿಂದ ಮಣ್ಣು ತೋಡುವ ಕಪ್ಪೆಗಳ ಸ್ಫೀರೊಥೀಕಾ ಕುಲ. ಜಾತಿಯ ಹೆಸರು ಬರೆಯಬೇಡಿ. ಈ ಕುಲದ ಹಲವು ಜಾತಿಗಳು ನೋಟಕ್ಕೆ ಒಂದೇ ಥರ, ಫೋಟೊದಿಂದ ಬೇರ್ಪಡಿಸಲಾಗದು. ಅದು ಸಿಕ್ಕ ಕುಂಡದಲ್ಲಿ ಮಣ್ಣನ್ನು ಸಲಾಕೆಯಿಂದ ಚುಚ್ಚದೆ ಕೈಯಿಂದಲೇ ಸಡಿಲಿಸಿ.

ಮಳೆರಾತ್ರಿ
ಜಾತಿವರೆಗೆ ಹೋಗಲೇಬೇಕೆಂದಿದ್ದರೆ ಮಳೆ ಬಿದ್ದ ರಾತ್ರಿ ಕೂಗನ್ನು ರೆಕಾರ್ಡ್ ಮಾಡಿ. ಕೂಗುವುದು ಗಂಡು. ದೂರ ನಿಂತು, ಟಾರ್ಚ್ ಆರಿಸಿ, 30 ಸೆಕೆಂಡಾದರೂ ಹಿಡಿಯಿರಿ. ರೆಕಾರ್ಡರಿನಲ್ಲಿ ಗದ್ದಲ ತಗ್ಗಿಸುವ ಆಯ್ಕೆ ಇದ್ದರೆ ಆಫ್ ಮಾಡಿ, ಅದು ಕೂಗನ್ನೇ ಗದ್ದಲವೆಂದು ಕತ್ತರಿಸುತ್ತದೆ. ಸಾಧ್ಯವಾದರೆ ಧ್ವನಿಯನ್ನು ಕುಗ್ಗಿಸದ ವೇವ್ (WAV) ಫೈಲಾಗಿ ಉಳಿಸಿ. ಉಷ್ಣತೆಯನ್ನೂ ಬರೆದಿಡಿ, ಸೆಕೆ ಹೆಚ್ಚಿದಂತೆ ಕೂಗಿನ ಲಯ ಚುರುಕಾಗುತ್ತದೆ.

ನಾಯಿಯ ವಿಷಯ: ನೆಲಗಪ್ಪೆ ವಿಷ ಉಗುಳುವುದಿಲ್ಲ, ಕಚ್ಚಿದಾಗ ಗ್ರಂಥಿಯಿಂದ ಬಿಳಿ ದ್ರವ ಒಸರುತ್ತದೆ. ಬಾಯಿಗೆ ಹಾಕಿಕೊಂಡರೆ ತಲೆ ತಗ್ಗಿಸಿ ಹಿಡಿದು, ಒದ್ದೆ ಬಟ್ಟೆಯಿಂದ ವಸಡು, ನಾಲಿಗೆ ಒರೆಸಿ, ಬಟ್ಟೆ ಜಾಲಿಸಿ ಮತ್ತೆ ಒರೆಸಿ. ಗಂಟಲಿಗೆ ನೀರು ಸುರಿಯಬೇಡಿ. ಜೊಲ್ಲು ನಿಲ್ಲದಿದ್ದರೆ, ತೂರಾಡಿದರೆ, ನಡುಕ ಬಂದರೆ ಕಾಯದೆ ಪಶುವೈದ್ಯರ ಬಳಿ ಒಯ್ಯಿರಿ, (ಅ)ದ ಫೋಟೊವನ್ನೂ ತೋರಿಸಿ. ಕಪ್ಪೆಯ ಮೇಲೆ ಉಪ್ಪು ಎರಚುವುದು ಬೇಡ. ಚರ್ಮ ಸುಟ್ಟು ಸಾಯುತ್ತದೆ. ರಾತ್ರಿ ನಾಯಿಯ ನೀರಿನ ಬಟ್ಟಲನ್ನು ಒಳಗಿಡಿ, ನೆಲಗಪ್ಪೆ ಅದರಲ್ಲೇ ಬಂದು ಕೂರುತ್ತದೆ.